ನೀರಿನ ರುಚಿ ನೋಡುತ್ತಿದ್ದ ಸಂಜೀವಣ್ಣ

ಬಾನೆಟ್ ಎತ್ತಿದ ಮೇಲೆ ಸಂಜೀವಣ್ಣ ಮೊದಲು ಮಾಡುತ್ತಿದ್ದ ಕೆಲಸವೆಂದರೆ ಸುಮ್ಮನೆ ಕೂರುವುದು. ಎಂಜಿನ್ ತಣ್ಣಗಾಗುವವರೆಗೂ ಅದನ್ನು ಮುಟ್ಟುತ್ತಿರಲಿಲ್ಲ. ಆಮೇಲೆ ನಿಧಾನಕ್ಕೆ ಎದ್ದು, ರೇಡಿಯೇಟರಿನ ಮುಚ್ಚಳ ತಿರುಗಿಸಿ, ಕಿರುಬೆರಳನ್ನು ಒಳಗಿನ ನೀರಿಗೆ ಅದ್ದಿ ನಾಲಿಗೆಯ ತುದಿಗೆ ಮುಟ್ಟಿಸಿಕೊಳ್ಳುತ್ತಿದ್ದ. ಮೊದಲ ಸಲ ಇದನ್ನು ಕಂಡಾಗ ನಾನು ಮುಖ ಆ ಕಡೆ ತಿರುಗಿಸಿದ್ದೆ. ಅವನು ಉಗುಳಿ, ಹೆಗಲ ಮೇಲಿನ ಬಟ್ಟೆಯಿಂದ ತುಟಿ ಒರೆಸಿಕೊಂಡು ಕೇಳಿದ:

“ಟೀಚರ್, ನಿಮ್ಮಲ್ಲಿ ಬಾವಿ ಉಂಟಾ?”

ಐವತ್ತರ ದಶಕದ ನಡುವಿನ ಮಾತು. ನಾವು ಧಾರವಾಡದ ಕಡೆಯವರು. ಮಲಾಡಿನಲ್ಲಿ ಮನೆ, ಅಲ್ಲೇ ಒಂದು ಶಾಲೆಯಲ್ಲಿ ನನಗೆ ಕೆಲಸ. ಅಪ್ಪ, ತಾಯ್ನಾಡಿಗೆ ಹೊರಟಿದ್ದ ಇಂಗ್ಲಿಷರವನೊಬ್ಬನಿಂದ ಯುದ್ಧಕ್ಕೂ ಮುಂಚಿನ ಕಾರೊಂದನ್ನು ಕೊಂಡಿದ್ದರು. ನನಗೆ ಓಡಿಸಲು ಕಲಿಸಿದವರೂ ಅವರೇ. ಮುಂದೆ ಅವರಿಗೆ ಲಕ್ವ ಹೊಡೆದು ಬಲಭಾಗವೆಲ್ಲ ಬಿದ್ದುಹೋಯಿತು. ಕೈಕಾಲಿನ ವ್ಯಾಯಾಮಕ್ಕೆಂದು ವಾರಕ್ಕೆ ಎರಡು ಸಲ ಪರೇಲಿನ ಆಸ್ಪತ್ರೆಗೆ ಹೋಗಬೇಕಿತ್ತು. ಲೋಕಲ್ ರೈಲಿಗೆ ಅವರನ್ನು ಹತ್ತಿಸುವುದು ಆಗದ ಮಾತು. ಗಾಡಿ ನಡೆದರೆ ಚಿಕಿತ್ಸೆ, ಇಲ್ಲದಿದ್ದರೆ ಇಲ್ಲ.

ಆ ಗಾಡಿಯೋ, ಅಂಧೇರಿ ದಾಟುವಷ್ಟರಲ್ಲಿ ಕುದಿಯುತ್ತಿತ್ತು. ಒಬ್ಬ ಮೆಕ್ಯಾನಿಕ್ ಫ್ಯಾನಿನ ಬೆಲ್ಟ್ ಬದಲಿಸಿದ, ಇನ್ನೊಬ್ಬ ರಬ್ಬರಿನ ಕೊಳವೆ ಬದಲಿಸಿದ, ಮೂರನೆಯವನು ಗುಜರಿಗೆ ಹಾಕಿ ಎಂದ. ನಾನು ಎರಡು ಡಬ್ಬಿ ನೀರು ಇಟ್ಟುಕೊಂಡು, ಅಲ್ಲಲ್ಲಿ ನಿಲ್ಲಿಸಿ ಸುರಿಯುತ್ತಾ ದಿನ ತಳ್ಳುತ್ತಿದ್ದೆ. ಶಾಲೆ, ಆಸ್ಪತ್ರೆ, ಮತ್ತೆ ಶಾಲೆ. ಸಂಜೆ ಮನೆಗೆ ಬಂದರೆ ಚಪ್ಪಲಿ ಬಿಡುವುದಕ್ಕೂ ಬಗ್ಗಲಾಗುತ್ತಿರಲಿಲ್ಲ.

ಒಂದು ಏಪ್ರಿಲ್ ಮಧ್ಯಾಹ್ನ ಮಾಹಿಮ್‌ನಲ್ಲಿ ಗಾಡಿ ಪೂರ್ತಿ ನಿಂತುಹೋಯಿತು. ಬಾನೆಟ್ಟಿನಿಂದ ಏಳುವ ಹಬೆ ನೋಡಲು ಜನ ಸೇರಿದರು. ನಾನು ನೀರಿಗಾಗಿ ಅಲೆದು, ಎಂಜಿನ್ ಆರುವುದನ್ನು ಕಾಯುವಷ್ಟರಲ್ಲಿ ಎರಡು ಗಂಟೆ ಕಳೆಯಿತು. ಹಿಂದಿನ ಸೀಟಿನಲ್ಲಿ ಕೂತಿದ್ದ ಅಪ್ಪನಿಗೆ ತಡೆಯಲಾಗಲಿಲ್ಲ, ಧೋತರ ಒದ್ದೆಯಾಯಿತು. ಕಿಟಕಿಯ ಹತ್ತಿರ ನಿಂತಿದ್ದ ಇಬ್ಬರು ಅದನ್ನು ನೋಡಿ ಪಕ್ಕಕ್ಕೆ ಸರಿದರು. ಮನೆಗೆ ಬಂದ ಮೇಲೆ ಅಪ್ಪ ಅವ್ವನಿಗೆ ಹೇಳಿದ್ದು ಇಷ್ಟೇ: “ಇನ್ನ ನಾ ಎಲ್ಲೂ ಬರೂದಿಲ್ಲ. ಗಾಡಿ ಮಾರಿಬಿಡ್ರಿ.”

ಎರಡು ವಾರ ಚಿಕಿತ್ಸೆ ತಪ್ಪಿತು. ಆಗ ನನ್ನ ಜೊತೆಯ ಶಿಕ್ಷಕಿಯೊಬ್ಬಳು ಕುರ್ಲಾದ ಸಂಜೀವಣ್ಣನ ಹೆಸರು ಹೇಳಿದಳು.

ಉಡುಪಿ ಕಡೆಯವನು, ಐವತ್ತರ ಆಸುಪಾಸು. ಹೋಟೆಲೊಂದರ ಹಿಂದೆ ತಗಡಿನ ಶೆಡ್ಡು ಅವನ ಗ್ಯಾರೇಜು. ಬಗ್ಗಿ ಬಗ್ಗಿ ಬೆನ್ನು ನೆಟ್ಟಗಾಗುವುದನ್ನೇ ಮರೆತಿತ್ತು. ಯಾವಾಗ ನೋಡಿದರೂ ನಿದ್ದೆಗೆಟ್ಟವನ ಮುಖ. ನಾನು ಅವಸರ ಮಾಡಿದರೆ, “ಬಿಸಿ ಆಗುದು ರೋಗ ಅಲ್ಲ ಟೀಚರ್. ಒಳಗೆ ಎಲ್ಲಿಯೋ ಏನೋ ಸಿಕ್ಕಿಕೊಂಡಿದೆ. ಅದನ್ನು ಹೇಳ್ಲಿಕ್ಕೆ ಅದಕ್ಕೆ ಬಾಯಿಲ್ಲ, ಅಷ್ಟೆ” ಎನ್ನುತ್ತಿದ್ದ.

ಬಾವಿಯ ಪ್ರಶ್ನೆಗೆ ಬರುತ್ತೇನೆ. ನಾವಿದ್ದ ಚಾಳಿನ, ಅಂದರೆ ವಠಾರದ, ಹಿತ್ತಲಲ್ಲಿ ಬಾವಿಯಿತ್ತು, ಉಪ್ಪುಪ್ಪಾದ ಸವುಳು ನೀರು. ಗಾಡಿ ಹೊರಡುವ ದಿನ ಅವ್ವ ಬೆಳಿಗ್ಗೆ ಎದ್ದು ಆ ನೀರನ್ನು ಸೇದಿ, ಬಟ್ಟೆಯಲ್ಲಿ ಸೋಸಿ, ರೇಡಿಯೇಟರಿಗೆ ತಾನೇ ತುಂಬುತ್ತಿದ್ದಳು. ಕಸ ಬಟ್ಟೆಯಲ್ಲಿ ನಿಲ್ಲುತ್ತಿತ್ತು, ಉಪ್ಪು ನಿಲ್ಲುತ್ತಿರಲಿಲ್ಲ. ವರ್ಷಗಟ್ಟಲೆ ಅದು ಒಳಗೆ ಪದರಪದರವಾಗಿ ಕಟ್ಟಿಕೊಂಡು ನೀರಿನ ದಾರಿಯನ್ನೇ ಮುಚ್ಚಿತ್ತು. ಸಂಜೀವಣ್ಣ ರೇಡಿಯೇಟರ್ ಕಳಚಿ ತೊಳೆದುಕೊಟ್ಟ.

ಅಪ್ಪನಿಗೆ ಹೇಳುವ ಮೊದಲು ನಾನೊಬ್ಬಳೇ ಓಡಿಸಿ ನೋಡಿದೆ. ಬಾಂದ್ರಾದಲ್ಲಿ ಮತ್ತೆ ಹಬೆ. ನಿಲ್ಲಿಸಿ ನಿಲ್ಲಿಸಿ ಕುರ್ಲಾ ತಲುಪುವಷ್ಟರಲ್ಲಿ ನನಗೆ ಸಿಟ್ಟು ಮಾಡುವಷ್ಟೂ ತ್ರಾಣ ಉಳಿದಿರಲಿಲ್ಲ. ಶೆಡ್ಡಿನ ಬೆಂಚಿನ ಮೇಲೆ ಕೂತು, ಮಾಹಿಮ್‌ನಲ್ಲಿ ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಅವನು ಪೂರ್ತಿ ಕೇಳಿಸಿಕೊಂಡ. ನೆಪ ಹೇಳಲಿಲ್ಲ.

“ತಪ್ಪು ನನ್ನದು ಟೀಚರ್. ಅರ್ಧ ನೋಡಿ ಬಿಟ್ಟೆ. ರೇಡಿಯೇಟರಲ್ಲಿ ಇದ್ದದ್ದು ಎಂಜಿನ್ ಒಳಗೂ ಇರ್ತದೆ ಅಂತ ನನಗೆ ಗೊತ್ತಾಗ್ಬೇಕಿತ್ತು. ಗಾಡಿ ಇಲ್ಲೇ ಇರ್ಲಿ.”

ಎರಡು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಎಂಜಿನ್ನಿನ ಪಕ್ಕದಲ್ಲಿ ಒತ್ತಿ ಕೂರಿಸಿದ್ದ ತಗಡಿನ ಬಿಲ್ಲೆಗಳನ್ನು ಕಿತ್ತು, ಆ ತೂತುಗಳೊಳಗೆ ಬಗ್ಗಿಸಿದ ತಂತಿ ಹಾಕಿ ಕೆರೆದ. ಶಾಲೆ ಮುಗಿಸಿ ಹೋದಾಗ ನೋಡಿದೆ: ಒಂದು ಬೋಗುಣಿಯ ತುಂಬ ಸುಣ್ಣದ ಹೆಂಟೆಯಂಥ ಕೆಸರು. ಸಂಜೀವಣ್ಣ ಮಡ್‌ಗಾರ್ಡಿಗೆ ಹಣೆ ಆನಿಸಿ ಕಣ್ಣು ಮುಚ್ಚಿದ್ದ.

“ಭಾಳ ದಣಿದೀರಿ” ಅಂದೆ.

“ಇದು ಇವತ್ತಿನ ದಣಿವಲ್ಲ” ಅಂದು ಮತ್ತೆ ತಂತಿ ಕೈಗೆತ್ತಿಕೊಂಡ.

ಆ ಭಾನುವಾರ ಅವನೇ ಗಾಡಿ ತಂದ. ಬಾಗಿಲಲ್ಲೇ ಅವ್ವ ಕೇಳಿದಳು: “ನನ್ನಿಂದ ಹಿಂಗಾತೇನಪಾ?”

“ಇಲ್ಲಮ್ಮ. ಅದಕ್ಕೆ ಹೊತ್ತುಹೊತ್ತಿಗೆ ನೀರು ಕೊಟ್ಟವರು ನೀವೊಬ್ರೇ. ಇನ್ನು ನಳದ ನೀರು ಹಾಕಿ, ಸಾಕು.”

ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಸಂಜೀವಣ್ಣ ಮಂಚದ ಬದಿಯಲ್ಲಿ ನೆಲದ ಮೇಲೆ ಕೂತ.

“ರಾಯರೇ, ಪರೇಲಿಗೆ ಮೂರು ಸಲ ಹೋಗಿ ಬಂದೆ. ಮಧ್ಯಾಹ್ನದ ಬಿಸಿಲಲ್ಲೇ. ಮಾಹಿಮ್‌ನಲ್ಲಿ ಎಂಜಿನ್ ಬಂದ್ ಮಾಡದೆ ಹತ್ತು ನಿಮಿಷ ನಿಲ್ಲಿಸಿದೆ. ಕುದೀಲಿಲ್ಲ.”

ಅಪ್ಪ ತಿರುಗದೆಯೇ ಕೇಳಿದರು: “ಮಾಹಿಮದ್ದು ನಿನಗ ಯಾರು ಹೇಳಿದ್ರು?”

“ನಿಮ್ಮ ಮಗಳು.” ಅವನು ಮುಂದುವರಿಸಿದ: “ಯುದ್ಧದ ಟೈಮಲ್ಲಿ ನಾನು ಮಿಲಿಟರಿ ಲಾರಿ ರಿಪೇರಿಗೆ ಹೋಗಿದ್ದೆ. ಜ್ವರ ಬಂದು ಎಂಟು ದಿನ ಲಾರಿಯೊಳಗೆ ಬಿದ್ದಿದ್ದೆ. ನನ್ನ ಬಟ್ಟೆ ಬದಲು ಮಾಡಿದ್ದು ಬೇರೆಯವರು. ಅವರ ಮುಖ ನೋಡ್ಲಿಕ್ಕೆ ನನಗೆ ಆಗ್ತಿರ್ಲಿಲ್ಲ. ಎದ್ದು ಕೆಲಸಕ್ಕೆ ಹೋದ್ಮೇಲೆ ನೋಡಿದ್ರೆ ಅವರಿಗದು ನೆನಪೇ ಇಲ್ಲ.”

ಅವ್ವ ಚಹಾ ತಂದಿಟ್ಟಳು. ಅವನು ಕುಡಿದು ಏಳುವ ಹೊತ್ತಿಗೆ ಅಪ್ಪ ಈ ಕಡೆ ಹೊರಳಿದರು. “ಗುರುವಾರ ಎಷ್ಟ ಗಂಟೆಕ್ಕ ಹೊರಡೂದು?”

ಗುರುವಾರ ಸಂಜೀವಣ್ಣ ಗ್ಯಾರೇಜಿಗೆ ಬೀಗ ಹಾಕಿ ಬಂದು ನನ್ನ ಪಕ್ಕದ ಸೀಟಿನಲ್ಲಿ ಕೂತ. ಪರೇಲಿನವರೆಗೆ ಎಲ್ಲೂ ನಿಲ್ಲಿಸುವ ಪ್ರಮೇಯ ಬರಲಿಲ್ಲ. ಅಪ್ಪ ಕಿಟಕಿಯಿಂದ ಹೊರಗೆ ನೋಡುತ್ತಿದ್ದರು.

ಅಪ್ಪ ಮತ್ತೆ ನಡೆಯಲಿಲ್ಲ. ಆದರೆ ವರ್ಷ ತುಂಬುವಷ್ಟರಲ್ಲಿ ಬಲಗೈಯಿಂದ ಲೋಟ ಹಿಡಿದರು. ಅರ್ಧ ಚೆಲ್ಲಿ, ಅರ್ಧ ಕುಡಿದರು. ಅವ್ವ ಒರೆಸಲು ಹೋದರೆ ಬೇಡವೆಂದರು. ಎರಡನೆಯ ವರ್ಷದ ಚಳಿಗಾಲದಲ್ಲಿ ತೀರಿಕೊಂಡರು.

ಹದಿನೈದು ದಿನ ಬಿಟ್ಟು ಗಾಡಿ ತೆಗೆದುಕೊಂಡು ಕುರ್ಲಾಕ್ಕೆ ಹೋದೆ. ಸುದ್ದಿ ಕೇಳಿ ಸಂಜೀವಣ್ಣ ಬಾನೆಟ್ ಎತ್ತಿದ, ನೋಡಿದ, ಮುಚ್ಚಿದ.

“ಗಾಡಿ ಸರಿ ಉಂಟಲ್ಲ ಟೀಚರ್.”

“ಹೌದು. ಸುಮ್ಮನ ಬಂದೆ.”

ಬೆಂಚಿನ ಮೇಲಿನ ಸಾಮಾನು ಸರಿಸಿ ನನಗೆ ಜಾಗ ಮಾಡಿದ. ಹೋಟೆಲಿನಿಂದ ಕಾಫಿ ಬಂತು. ಇಬ್ಬರೂ ರಸ್ತೆ ನೋಡುತ್ತಾ ಕೂತೆವು. ಕಾಫಿ ಮುಗಿಸಿ ಅವನೆಂದ: “ನನಗೂ ಸಾಕಾಗಿದೆ. ಊರಲ್ಲಿ ಅಕ್ಕ ಇದ್ದಾಳೆ. ಬಾ ಬಾ ಅಂತಾಳೆ.” ಹೋಗ್ರಿ, ವಿಶ್ರಾಂತಿ ತಗೊಳ್ರಿ ಎಂದೆ. ಅವನು ನಕ್ಕ.

ಬೇಸಿಗೆ ರಜೆಯಲ್ಲಿ ಹೋದಾಗ ಶೆಡ್ಡಿನಲ್ಲಿ ಸೈಕಲ್ ಅಂಗಡಿಯಿತ್ತು. ಊರಿಗೆ ಹೋದರು ಎಂದ ಹೋಟೆಲಿನವನು. ಯಾವ ಊರೆಂದು ಅವನಿಗೂ ಗೊತ್ತಿರಲಿಲ್ಲ. ಎರಡು ವರ್ಷದ ಒಡನಾಟದಲ್ಲಿ ನಾನೂ ಕೇಳಿರಲಿಲ್ಲ. ಆ ಸಂಜೆ ಅಂಚೆಕಾರ್ಡು ತೆಗೆದುಕೊಂಡು ಕೂತು, ಒಂದು ಕಡೆ ತುಂಬ ಬರೆದೆ. ತಿರುಗಿಸಿ ‘ಶ್ರೀ ಸಂಜೀವ ಅವರಿಗೆ’ ಎಂದು ಬರೆದ ಮೇಲೆ, ಅದರ ಕೆಳಗೆ ಬರೆಯಲು ನನ್ನ ಬಳಿ ವಿಳಾಸವಿರಲಿಲ್ಲ.