ಜೇಬಿನಲ್ಲಿ ಉಳಿದ ಬೀಗದ ಕೈ

ಇವತ್ತು ಮಧ್ಯಾಹ್ನ ಮೇಲೂರಿನ ಮನೆಯಲ್ಲಿ ಮುದ್ದೆ ಮುರಿಯುತ್ತಿದ್ದೆ ಗೆಳೆಯರೇ, ನಮ್ಮ ಸೋಲಾರ್ ಪ್ಲಾಂಟಿನಿಂದ ಟೆಕ್ನಿಷಿಯನ್ ನಯಾಜ್ ಭಾಯ್ ಫೋನ್ ಮಾಡಿದರು.

"ಸಾರ್, ರಿಪೇರಿ ಮುಗೀತು. ಬ್ರೇಕರ್ ಮೇಲೆ ನಿಮ್ದೊಂದು ಬೀಗ ಉಳಿದೈತೆ."

ಜೇಬು ಮುಟ್ಟಿ ನೋಡಿದೆ. ಬೀಗದ ಕೈ ಅಲ್ಲೇ ಇತ್ತು. ಬೆಳಿಗ್ಗೆ ನಾನೂ ಆ ರಿಪೇರಿಗೆ ಇಳಿದಿದ್ದೆ, ಬೀಗ ತೆಗೆಯದೆ ಊಟಕ್ಕೆ ಬಂದುಬಿಟ್ಟಿದ್ದೆ. ನಮ್ಮಲ್ಲಿ ರಿಪೇರಿಗೆ ಇಳಿಯುವ ಪ್ರತಿಯೊಬ್ಬರೂ ಬ್ರೇಕರ್ ಆಫ್ ಮಾಡಿ, ಅದಕ್ಕೆ ತಮ್ಮದೇ ಬೀಗ ಹಾಕಿ, ಹೆಸರಿನ ಚೀಟಿ ಕಟ್ಟಬೇಕು; ಹಾಕಿದವರೇ ಅದನ್ನು ತೆಗೆಯಬೇಕು. ಒಬ್ಬರು ಒಳಗೆ ಕೈಯಿಟ್ಟಿರುವಾಗ ಇನ್ನೊಬ್ಬರು ಕರೆಂಟ್ ಕೊಟ್ಟರೆ ಜೀವ ಉಳಿಯುವುದಿಲ್ಲ.

"ಕಟರ್ ತಗೊಂಡು ಕತ್ತರಿಸಿಬಿಡಿ ಭಾಯ್, ನಾನು ಮನೇಲಿದೀನಿ."

"ಮನೇಲಿದೀನಿ ಅಂತ ಫೋನ್ ಹೇಳ್ತೈತೆ. ನನ್ ಕಣ್ಣಿಗೆ ಕಾಣ್ಬೇಕಲ್ಲ ಸಾರ್. ನೀವೇ ಬಂದು ತೆಗೀರಿ."

"ನಾನು ನಿಮ್ಮ ಸೂಪರ್‌ವೈಸರ್ ಕಣ್ರೀ."

"ಅದಕ್ಕೇ ಹೇಳ್ತಿರೋದು, ನಿಧಾನಕ್ಕೆ ಊಟ ಮುಗಿಸ್ಕೊಂಡು ಬನ್ನಿ."

ಕೈ ತೊಳೆದು ಬೈಕ್ ಹತ್ತಿದೆ. ನಯಾಜ್ ಭಾಯ್ ಬ್ರೇಕರಿನ ಮುಂದೆಯೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಚೀಟಿಯಲ್ಲಿದ್ದ ಹೆಸರನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿ ಪಕ್ಕಕ್ಕೆ ಸರಿದರು.

ಹೋದ ವಾರ ಇದೇ ನಿಯಮದ ಬಗ್ಗೆ ಒಂದು ಗಂಟೆ ಪಾಠ ಮಾಡಿದವನು ನಾನು. ಹಿಂದಿನ ಬೆಂಚಿನಲ್ಲಿ ಉದ್ದಕ್ಕೂ ತೂಕಡಿಸಿದವರು ನಯಾಜ್ ಭಾಯ್.