ಮೊದಲ ಕಂಬಳಿ

ನಮ್ಮ ವಾರ್ಡಿನ ಸದಸ್ಯರು ಬಾಯಿ ತೆರೆದರೆ "ಮಾನವೀಯತೆ ಮುಖ್ಯ ಕಣ್ರೀ" ಎನ್ನುತ್ತಿದ್ದರು. ಚರಂಡಿ ಕಟ್ಟಿಕೊಂಡಿದೆಯೆಂದು ದೂರಿದರೂ ಅದೇ ಉತ್ತರ. ಹೇಳುವ ಮುನ್ನ ಕಾಲರ್ ಸರಿಮಾಡಿಕೊಂಡು, ಫೋಟೋದವನನ್ನು ಕಣ್ಣಲ್ಲೇ ಹುಡುಕುತ್ತಿದ್ದರು.

ಕಾವೇರಿ ಉಕ್ಕಿ ಕುಶಾಲನಗರದ ನಮ್ಮ ಬೀದಿಗೆ ನೀರು ನುಗ್ಗಿದ ಮಳೆಗಾಲದಲ್ಲಿ, ನಾವಿದ್ದ ಪರಿಹಾರ ಕೇಂದ್ರಕ್ಕೆ ಅವರು ಕಂಬಳಿ ಹಂಚಲು ಬಂದರು. ಮೊದಲು ಮಾನವೀಯತೆಯ ಮೇಲೆ ಉದ್ದದ ಭಾಷಣ. ಒದ್ದೆ ಬಟ್ಟೆಯಲ್ಲಿ ನಡುಗುತ್ತಲೇ ಕೇಳಿದೆವು. ಕೊನೆಗೆ ಮೊದಲ ಕಂಬಳಿಯನ್ನು ಪಕ್ಕದ ಮನೆಯ ಅಜ್ಜಿಯ ಕೈಗಿಟ್ಟು ಕ್ಯಾಮೆರಾದತ್ತ ತಿರುಗಿದರು.

ಭಾಷಣ ಮಾಡಿದವರಿಗೆ ಶಾಲು ಹೊದಿಸುವುದನ್ನೇ ಕಂಡಿದ್ದ ಅಜ್ಜಿ, ಕಂಬಳಿ ಬಿಡಿಸಿ ಅವರ ಹೆಗಲಿಗೇ ಹೊದಿಸಿದಳು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅವರೂ ಅಭ್ಯಾಸಬಲದಿಂದ ಕೈಮುಗಿದು, ಹೊದ್ದುಕೊಂಡೇ ಜೀಪಿನತ್ತ ಹೊರಟರು.

ಅಜ್ಜಿ ಹಿಂದೆಯೇ ಓಡಿ ಕಂಬಳಿಯ ತುದಿ ಹಿಡಿದೆಳೆದಳು: "ಸನ್ಮಾನ ಆಯ್ತಲ್ಲ ಸಾಮಿ, ಇನ್ನ ತೆಗ್ದು ಕೊಡಿ. ಚಳಿ ಆಯ್ತದೆ."