ಹುಚ್ಚೆಳ್ಳು ತಿಂದು ಕಂದಾಗುವ ಯೀಸ್ಟು

ನಿನ್ನೆ ಚಟ್ನಿಪುಡಿಗೆಂದು ಹುಚ್ಚೆಳ್ಳು ಹುರಿಯುತ್ತಿದ್ದೆ. ಘಮ್ಮೆಂದು ವಾಸನೆ ಎದ್ದಿತು. ಅದರ ಹಿಂದೆಯೇ ಅವಳೂ ನೆನಪಾದಳು... ನಮ್ಮ ಮಹಡಿಯ ರೂಮಿನಲ್ಲಿ ಬಾಡಿಗೆಗಿದ್ದ ಹುಡುಗಿ.

ಲಷ್ಕರ್ ಮೊಹಲ್ಲಾದ ಈ ಮನೆಯಲ್ಲಿ ಕೆಳಗೆ ನಾನು, ನನ್ನ ಮಗನ ಸಂಸಾರ, ನನ್ನ ತಂಗಿ. ಹುಡುಗಿ ಯಾವುದೋ ಲ್ಯಾಬಿನಲ್ಲಿ ದೊಡ್ಡ ಓದು ಓದುತ್ತಿದ್ದಳು. ಬಂದ ಹೊಸತರಲ್ಲೇ ಅಡುಗೆಮನೆಗೆ ನುಗ್ಗಿ, "ಅಜ್ಜಿ, ಒಂದು ಹಿಡಿ ಹುಚ್ಚೆಳ್ಳು ಇದ್ಯಾ?" ಅಂದಳು.

"ಚಟ್ನಿಪುಡಿ ಮಾಡಕ್ ಬತ್ತದೇನೇ ನಿಂಗೆ?"

"ನಂಗಲ್ಲ ಅಜ್ಜಿ, ಲ್ಯಾಬಲ್ಲಿರೋ ಯೀಸ್ಟಿಗೆ."

ಯೀಸ್ಟು ಅಂದರೆ ಬನ್ನು ಉಬ್ಬಿಸುವ ಪುಡಿ ಎಂದಷ್ಟೇ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಗೊತ್ತಿದ್ದದ್ದು. ಇದು ಅದರ ದಾಯಾದಿಯಂತೆ, ಮನುಷ್ಯರ ಮಿದುಳಿಗೇ ಇಳಿಯುವ ಜಾತಿ. ಫೋನಿನಲ್ಲಿ ಎರಡು ತಟ್ಟೆಗಳ ಫೋಟೋ ತೋರಿಸಿದಳು. ಎರಡಕ್ಕೂ ಹುಚ್ಚೆಳ್ಳಿನ ರಸ ಹಾಕಿದ್ದಳು. ಒಂದರಲ್ಲಿ ಕಂದು ಚುಕ್ಕೆಗಳು, ಇನ್ನೊಂದರಲ್ಲಿ ಬಿಳಿ. ಆ ಕಂದು ಬಣ್ಣವೇ ಅದಕ್ಕೆ ಕವಚ, ನಮ್ಮ ಮೈ ಅದನ್ನು ಕೊಲ್ಲದಂತೆ ಕಾಯುತ್ತದೆ ಎಂದಳು. ಹುಚ್ಚೆಳ್ಳಿನಿಂದ ಆ ಬಣ್ಣ ಕಟ್ಟುವುದು ಒಂದು ಜೀನ್. ಅದನ್ನು ಕಿತ್ತು ಹಾಕಿದರೆ ಬಿಳಿಯಾಗಿಯೇ ಉಳಿಯುತ್ತದೆ, ರೋಗ ತರುವ ಶಕ್ತಿ ಕುಗ್ಗಿಬಿಡುತ್ತದೆ. "ಒಂದೇ ಒಂದು ಜೀನ್ ಅಜ್ಜಿ!" ಎಂದು ಕುಣಿದಿದ್ದಳು. ನನಗೂ ಖುಷಿಯಾಯಿತು. ಅಂದಿನಿಂದ ಹುಚ್ಚೆಳ್ಳು ಆರಿಸುವಾಗ ಅವಳ ಪಾಲನ್ನೂ ಎತ್ತಿಡುತ್ತಿದ್ದೆ.

ನನ್ನ ತಂಗಿಗೆ ಪಾರಿವಾಳಗಳೆಂದರೆ ಪ್ರಾಣ. ತಾರಸಿಯಲ್ಲಿ ಅಕ್ಕಿನುಚ್ಚು ಹಾಕುವಳು, ದಿನಾ ಬೆಳಿಗ್ಗೆ ಒಣಗಿದ ಹಿಕ್ಕೆಯನ್ನು ಗುಡಿಸುವಳು. ಧೂಳೋ ಧೂಳು. ಕೀಲುಗಳು ಊದಿಕೊಳ್ಳುತ್ತವೆಂದು ವರ್ಷಗಳಿಂದ ಮಾತ್ರೆ ನುಂಗುತ್ತಿದ್ದವಳು. ಆ ಮಾತ್ರೆ ರೋಗ ತಡೆಯುವ ಶಕ್ತಿಯನ್ನು ಇಳಿಸುತ್ತದೆ, ಚಿಕ್ಕಜ್ಜಿ ಹುಷಾರಾಗಿರಬೇಕು ಎಂದು ಚೀಟಿ ಓದಿ ಹೇಳಿದವಳೂ ಆ ಹುಡುಗಿಯೇ.

ಒಂದು ದಿನ ಹುಡುಗಿ ಮೂಗಿಗೆ ಮಾಸ್ಕು, ಕೈಗೆ ಗ್ಲೌಸು ಹಾಕಿಕೊಂಡು ತಾರಸಿಯ ಮೂಲೆಯಲ್ಲಿ ಹಿಕ್ಕೆ ಕೆರೆಯುತ್ತಿದ್ದಳು. ಪಕ್ಕದಲ್ಲೇ ತಂಗಿ ಬರೀ ಮೂಗಿನಲ್ಲಿ ಪೊರಕೆ ಆಡಿಸುತ್ತಿದ್ದಳು. "ಏನೇ, ಅಷ್ಟೊಂದು ಅಸಹ್ಯನಾ?" ಎಂದು ನಾನು ನಕ್ಕೆ. ಹುಡುಗಿಯೂ ನಕ್ಕಳು. ಅಷ್ಟೇ...

ಮುಂದಿನ ಬೇಸಿಗೆಯಲ್ಲಿ ತಂಗಿಗೆ ತಲೆನೋವು ಹಿಡಿಯಿತು. ಬಿಡಲೇ ಇಲ್ಲ. ವಾಂತಿ, ಆಮೇಲೆ ಎದುರಿಗಿದ್ದವರು ಇಬ್ಬರಾಗಿ ಕಾಣುವುದು. ಆಸ್ಪತ್ರೆಯಲ್ಲಿ ಬೆನ್ನಿನಿಂದ ನೀರು ತೆಗೆದು ನೋಡಿದರು. ಮಿದುಳಿಗೆ ಫಂಗಸ್ ಇಳಿದಿದೆ, ಒಣಗಿದ ಹಿಕ್ಕೆಯ ಧೂಳಿನಲ್ಲಿರುವ ಒಂದು ಜಾತಿಯ ಯೀಸ್ಟು ಎಂದ ಡಾಕ್ಟರು, "ಮನೆ ಹತ್ರ ಪಾರಿವಾಳ ಇದಾವೇನಮ್ಮಾ?" ಎಂದು ಕೇಳಿದರು.

ಮನೆಗೆ ಬಂದವಳೇ ಮಹಡಿ ಹತ್ತಿದೆ.

"ನಿನ್ ಯೀಸ್ಟು ಎಲ್ಲಿಂದ ತಂದಿದ್ದೇ?"

"ಇಲ್ಲಿಂದ್ಲೇ ಅಜ್ಜಿ. ನಮ್ಮ ತಾರಸಿಯಿಂದ."

"ಕಂದು ಬಣ್ಣದ್ದಾ?"

ತಲೆಯಾಡಿಸಿದಳು. "ಎಲ್ರಿಗೂ ಬರಲ್ಲ ಅಂದ್ಕೊಂಡೆ. ಮಳೆಗಾಲ, ಬೇಸಿಗೆ ಎಲ್ಲಾ ಒಂದೇ ಜಾಗದಿಂದ ಸ್ಯಾಂಪಲ್ ತಗೋಬೇಕಿತ್ತು ಅಜ್ಜಿ. ಹೇಳಿದ್ರೆ ನೀವು ತಾರಸಿ ತೊಳಿಸ್ಬಿಡ್ತಿದ್ರಿ."

"ಊಂ ಕಣೇ, ತೊಳ್ಸ್ಬುಡ್ತಿದ್ದೆ."

ಅತ್ತಳು. ಅಳಲಿ ಎಂದು ಕೆಳಗಿಳಿದು ಬಂದೆ. ಒಂದು ಜೀನಿನ ಸುದ್ದಿಯನ್ನು ಕುಣಿದು ಹೇಳಿದವಳಿಗೆ, ಮಾಸ್ಕು ಹಾಕ್ಕೊಳ್ಳಿ ಚಿಕ್ಕಜ್ಜಿ ಎಂಬ ಒಂದು ಮಾತು ಬಾಯಿಗೆ ಬರಲಿಲ್ಲ. ತನ್ನ ಮೂಗು ಮುಚ್ಚಿಕೊಳ್ಳುವುದು ಮಾತ್ರ ನೆನಪಿತ್ತು. ಆ ವಾರವೇ ರೂಮು ಖಾಲಿ ಮಾಡಿಸಿದೆ.

ತಂಗಿಯ ಜೀವ ಉಳಿಯಿತು, ಕಣ್ಣು ಉಳಿಯಲಿಲ್ಲ. ನಾನು ಎಲ್ಲವನ್ನೂ ಅವಳಿಗೆ ಹೇಳಿದ್ದೇನೆ. ಆದರೂ ಇವತ್ತು ಊಟಕ್ಕೆ ಕೂತವಳು, "ಆ ಹುಡುಗಿ ಓದು ಮುಗೀತಂತೇನಕ್ಕಾ?" ಅಂದಳು.

"ನಂಗ್ಯಾಕೆ ಬೇಕು? ನಿಂಗೆ ಸಿಟ್ಟು ಬರಾಕಿಲ್ವೇನೇ?"

"ಬಂದಿತ್ತು. ಹೋಯ್ತು ಬುಡು. ಚಿಕ್ಕ ಹುಡುಗಿ ಕಣಕ್ಕ."

ಅನ್ನ ಎಲ್ಲಿದೆ, ಸಾರು ಎಲ್ಲಿದೆ ಎಂದು ಅವಳ ಬೆರಳು ಹಿಡಿದು ತೋರಿಸಿದೆ. ಕಣ್ಣು ಹೋದದ್ದು ಅವಳದು, ಕ್ಷಮಿಸಿದ್ದಾಳೆ. ಆ ಹುಡುಗಿಯನ್ನು ಮೊಮ್ಮಗಳೆಂದು ನಂಬಿದವಳು ನಾನು. ನನ್ನಿಂದ ಆಗಿಲ್ಲ.